ಭಾನುವಾರ ತಗ್ಗುತ್ತಿದ್ದ ಗದ್ದಲ

ಎಡಪ್ಪಳ್ಳಿ, ಕೊಚ್ಚಿ
4 ಆಗಸ್ಟ್ 2025

ಶ್ರೀವಿದ್ಯಾ ಮೇಡಂ ಅವರಿಗೆ ಸುಬ್ರಾಯನ ನಮಸ್ಕಾರಗಳು.

ನಿಮ್ಮ ಪ್ರಯೋಗಾಲಯದ ಒಂದೇ ಒಂದು ವಾಲ್ವ್ ರಿಪೇರಿಗೆ ತಗುಲಿದ ಒಟ್ಟು ಖರ್ಚನ್ನು ಮೊದಲು ಒಪ್ಪಿಸಿಬಿಡುತ್ತೇನೆ. ತಿರುವನಂತಪುರಕ್ಕೆ ರೈಲಿನಲ್ಲಿ ಹೋಗಿ ಬಂದದ್ದು ಮೂರು ಸಲ. ಗೇಟಿನಲ್ಲಿ ಸಹಿ ಹಾಕಿದ್ದು ಹದಿನಾಲ್ಕು ಕಡೆ. ಫೋನು ಕಪಾಟಿನಲ್ಲಿಟ್ಟು ಟೋಕನ್ ಪಡೆದದ್ದು ಆರು ಬಾರಿ, ಟೋಕನ್ ಕಳೆದು ಬೈಸಿಕೊಂಡದ್ದು ಒಂದು ಬಾರಿ. ದ್ರವ ಸಾರಜನಕ ಸಿಡಿದು ಹೋದ ಹೆಬ್ಬೆರಳಿನ ಚರ್ಮ ನಾಲ್ಕಾಣೆಯಗಲ. ಹಣದ ಬಿಲ್ಲು ಬೇರೆ ದಾರಿಯಲ್ಲಿ ನಿಮ್ಮ ಆಫೀಸಿಗೆ ಹೋಗಿದೆ, ಅದರ ಸುದ್ದಿ ಇಲ್ಲಿ ಬೇಡ. ಆದಾಯದ ಕಡೆ ಬರೆಯಲು ಒಂದೇ ಬಾಬತ್ತು: ನಿಮ್ಮ ಕ್ಯಾಂಟೀನಿನಲ್ಲಿ ಸಾಂಬಾರು ಬಡಿಸಿಕೊಳ್ಳುವಾಗ ಹಿಂದಿನಿಂದ ಯಾರೋ ಮೈಸೂರು ಕನ್ನಡದಲ್ಲಿ “ಉಪ್ಪು ಜಾಸ್ತಿ” ಎಂದು ಗೊಣಗಿದ್ದು ಕೇಳಿಸಿ ತಿರುಗಿದರೆ ನೀವಿದ್ದಿರಲ್ಲ, ಅದು.

ನಾನು ಕುಂಬಳೆ ಕಡೆಯವನು. ಹದಿನೇಳನೇ ವಯಸ್ಸಿಗೆ ಕೊಚ್ಚಿಗೆ ಬಂದು ಐಸ್ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ಒರೆಸುತ್ತಾ ಒರೆಸುತ್ತಾ ಅದನ್ನು ಬಿಚ್ಚಲು ಕಲಿತೆ. ಈಗ ಸೀಗಡಿ ರಫ್ತಿನವರ ಶೀತಲ ಕೋಣೆಗಳು, ಅವರ ವ್ಯಾಕ್ಯೂಮ್ ಪಂಪುಗಳು ನನ್ನ ಕೈಯಲ್ಲಿವೆ. ನಿಮ್ಮಂಥ ಬಾಹ್ಯಾಕಾಶ ಕೇಂದ್ರದೊಳಗೆ ಕಾಲಿಟ್ಟದ್ದು ಇದೇ ಮೊದಲು. ಅಲ್ಲಿ ನಿಮಗೆ ಫೋನು ಹತ್ತುವುದಿಲ್ಲ, ಆಫೀಸಿನ ಮೇಲ್ ಬರೆದರೆ ಐದು ಜನಕ್ಕೆ ಪ್ರತಿ ಹೋಗುತ್ತದೆ ಎಂದಿರಿ. ಅದಕ್ಕೇ ಕಾಗದ.

ಒಂದು ಸಂಶಯ ಉಳಿದುಹೋಗಿದೆ. ನಾನು ವಾಲ್ವ್ ಕೂರಿಸಿದ ಆ ಉಕ್ಕಿನ ಪಾತ್ರೆಯೊಳಗೆ ಮೈನಸ್ ಇನ್ನೂರರ ಹತ್ತಿರದ ಚಳಿಯಲ್ಲಿ ಕೂತಿರುವ ಉಗುರಿನಷ್ಟು ಚೂರು ನೋಡುವುದಾದರೂ ಏನನ್ನು? ನೀವು ಹೇಳಲು ಶುರು ಮಾಡಿದಾಗ ನಿಮ್ಮ ಮುಖ್ಯಸ್ಥೆ ದಾಕ್ಷಾಯಣಿ ಮೇಡಂ ಬಂದರು, ನಾನು ಸ್ಪ್ಯಾನರ್ ಎತ್ತಿಕೊಂಡೆ.

ಇಂತಿ,
ಸುಬ್ರಾಯ


ತಿರುವನಂತಪುರ
12 ಆಗಸ್ಟ್ 2025

ಸುಬ್ರಾಯರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮನೆಗೆ ಕನ್ನಡದಲ್ಲಿ ವಿಳಾಸ ಬರೆದ ಲಕೋಟೆ ಬಂದು ಆರು ವರ್ಷವಾಗಿತ್ತು. ನನ್ನ ಮಗ ಪ್ರಥಮ್ ಅದನ್ನು ತಿರುಗಿಸಿ ನೋಡಿ, “ಇದಾರಾ ಅಮ್ಮೇ?” ಎಂದು, ಇದು ಯಾರದು ಅಂತ, ಮಲಯಾಳಂನಲ್ಲೇ ಕೇಳಿದ. ಕನ್ನಡದಲ್ಲಿ ಬೈದರೆ ಅವನಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಆ ಭಾಷೆಯಲ್ಲಿ ಬರುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ. ಆ ಚೂರು ಶಾಖವನ್ನು ನೋಡುವ ಕಣ್ಣು. ಇನ್‌ಫ್ರಾರೆಡ್ ಡಿಟೆಕ್ಟರ್ ಎನ್ನುತ್ತೇವೆ. ಉಪಗ್ರಹದಲ್ಲಿ ಕೂತು ಕೆಳಗೆ ನೋಡಿದರೆ, ಗಾಳಿಯ ಯಾವ ಎತ್ತರದಲ್ಲಿ ಎಷ್ಟು ನೀರಾವಿ ಇದೆ, ಎಷ್ಟು ಬಿಸಿ ಇದೆ ಎಂದು ಅದು ಹೇಳಬೇಕು. ತಾನೇ ಬೆಚ್ಚಗಿದ್ದರೆ ತನ್ನ ಶಾಖವೇ ಅದಕ್ಕೆ ಕಾಣುತ್ತದೆ, ಅದಕ್ಕೇ ಆ ಚಳಿ.

ತೊಂದರೆ ಏನೆಂದರೆ, ಎದುರಿಗಿರುವ ವಸ್ತು ಅಲುಗಾಡದಿದ್ದರೂ ಡಿಟೆಕ್ಟರ್ ಕೊಡುವ ಅಂಕಿ ಅಲುಗಾಡುತ್ತಲೇ ಇರುತ್ತದೆ. ಅದೇ ನಾಯ್ಸ್, ಗದ್ದಲ. ಅದರಲ್ಲಿ ಕೆಲವು ಪಾಲು ಚೂರಿನದು, ಕೆಲವು ಪಾಲು ವಿದ್ಯುತ್ತಿನದು. ಅವನ್ನೆಲ್ಲ ತಗ್ಗಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಬೆಳಕಿನದೇ ಗದ್ದಲ. ಬೆಳಕು ಕಾಳುಕಾಳಾಗಿ ಬರುತ್ತದೆ. ಸರಾಸರಿ ನೂರು ಕಾಳು ಬರುವ ಕಡೆ ಒಮ್ಮೆ ತೊಂಬತ್ತು, ಒಮ್ಮೆ ನೂರಹತ್ತು. ಏರಿಳಿತ ಹತ್ತರಷ್ಟು. ಹತ್ತು ಸಾವಿರ ಬಂದರೆ ನೂರರಷ್ಟು. ವರ್ಗಮೂಲದ ಲೆಕ್ಕ. ಇದನ್ನು ಯಾರ ಜಾಣತನವೂ ತಗ್ಗಿಸಲಾರದು.

ಈಗ ಸಂತೋಷದ ಸುದ್ದಿ. ನಮಗೆ ಹಾಕಿರುವ ಮಿತಿ ಒಂದು ಡಿಗ್ರಿಯ ಹತ್ತರಲ್ಲೊಂದು ಪಾಲು, 0.10. ಅಷ್ಟು ಸಣ್ಣ ವ್ಯತ್ಯಾಸ ಗದ್ದಲದ ನಡುವೆಯೂ ಕಾಣಬೇಕು. ನಿಮ್ಮ ರಿಪೇರಿಗೆ ಮುಂಚೆ ನಮ್ಮ ಡಿಟೆಕ್ಟರ್ 0.12ರಲ್ಲಿ ನಿಂತಿತ್ತು. ನೀವು ವಾಲ್ವ್ ಸರಿ ಮಾಡಿ ಹೋದ ಮೇಲೆ 0.096. ಇದು ನನ್ನ ಆರು ವರ್ಷದ ಕೆಲಸ. ಅಕ್ಟೋಬರ್ 15ಕ್ಕೆ ಆಯ್ಕೆ ಸಮಿತಿ ಕೂರುತ್ತದೆ. ಉಪಗ್ರಹದಲ್ಲಿರುವುದು ಒಂದೇ ಜಾಗ. ಒಂದೋ ನಮ್ಮದು, ಇಲ್ಲವೇ ಹೊರದೇಶದ್ದು.

ನಿಮ್ಮ ಕೈಗುಣ ದೊಡ್ಡದು.

ಶ್ರೀವಿದ್ಯಾ


ಎಡಪ್ಪಳ್ಳಿ
18 ಆಗಸ್ಟ್ 2025

ಶ್ರೀವಿದ್ಯಾ ಮೇಡಂ,

ನನ್ನ ಕೈಗುಣದ ವಿಷಯವನ್ನು ಎಡಪ್ಪಳ್ಳಿಯಲ್ಲಿ ಈಗ ತಿಳಿಯದವರು ಯಾರೂ ಇಲ್ಲ. ಚಹದ ಅಂಗಡಿಯವನಿಗೆ ಎರಡು ಸಲ ಹೇಳಿದ್ದೇನೆ. “ಚೇಟ್ಟಾ, ಉಪಗ್ರಹ ಮೇಲೆ ಹೋದಾಗ ನಿಮ್ಮ ಹೆಸರು ಅದರ ಮೇಲೆ ಇರುತ್ತದಾ?” ಎಂದು ಕೇಳಿದ. ಕೆಳಗಿನಿಂದ ಓದಲು ಆಗುವುದಿಲ್ಲ ಎಂದೆ.

ನಿಮ್ಮ ವರ್ಗಮೂಲ ನನ್ನನ್ನು ಎರಡು ದಿನ ಕಾಡಿತು. ನಾನು ಎಂಟನೇ ಕ್ಲಾಸು. ಆದರೆ ಕೈಯಲ್ಲಿ ಸರಕು ಇತ್ತು. ಗುರುವಾರ ಒಂದು ಸೀಗಡಿ ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ, ಒಂದೇ ಅಳತೆಯ ಸಣ್ಣ ಸೀಗಡಿಯ ರಾಶಿಯಿಂದ ಒಂದೇ ಡಬ್ಬಿಯಲ್ಲಿ ಇಪ್ಪತ್ತು ಸಲ ಬಾಚಿ ಎಣಿಸಿದೆ. 97, 112, 89, 104, 101, ಹೀಗೆ. ಸರಾಸರಿ ನೂರರ ಹತ್ತಿರ, ಏರಿಳಿತ ಹತ್ತರ ಹತ್ತಿರ. ಆಮೇಲೆ ಸಣ್ಣ ಡಬ್ಬಿ ತೆಗೆದುಕೊಂಡೆ. ಸರಾಸರಿ ಅರವತ್ತೈದು ಬಂತು, ಏರಿಳಿತ ಎಂಟರ ಆಚೀಚೆ. ಸೂಪರ್‌ವೈಸರ್ ನಿಶಾ ನನ್ನ ಹಿಂದೆಯೇ ನಿಂತು, ಇವರಿಗೆ ತಲೆಗೆ ಅಮೋನಿಯಾ ಹತ್ತಿದೆಯೋ ಎಂದು ನೋಡುತ್ತಿದ್ದಳು. ನಿಮ್ಮ ಲೆಕ್ಕ ಸರಿ ಮಾರಾಯ್ರೇ. ಬೆಳಕೂ ಸೀಗಡಿಯೂ ಒಂದೇ ಜಾತಿ.

ಈಗ ಎರಡು ಪ್ರಶ್ನೆ. ಬರೀ ಕುತೂಹಲ ಅಂದುಕೊಳ್ಳಿ. ಬೆಳಕನ್ನು ಅಳೆಯುವುದು ಯಾವಾಗ, ಗದ್ದಲವನ್ನು ಅಳೆಯುವುದು ಯಾವಾಗ? ಎರಡೂ ಒಂದೇ ದಿನವೋ? ಇನ್ನೊಂದು, ಪಾತ್ರೆಯನ್ನು ತಣ್ಣಗೆ ಮತ್ತೂ ಒಂದು ದಿನ ಇಟ್ಟರೆ ಗದ್ದಲ ಏನಾಗುತ್ತದೆ?

ಸುಬ್ರಾಯ


ತಿರುವನಂತಪುರ
26 ಆಗಸ್ಟ್ 2025

ಸುಬ್ರಾಯರೇ,

ನಿಮ್ಮ ಸೀಗಡಿ ಪ್ರಯೋಗವನ್ನು ನಮ್ಮ ಗುಂಪಿನ ಸಭೆಯಲ್ಲಿ ಹೇಳಿದೆ. ದಾಕ್ಷಾಯಣಿ ಮೇಡಂ ನಕ್ಕಿದ್ದನ್ನು ನಾವು ವರ್ಷಕ್ಕೊಮ್ಮೆ ನೋಡುತ್ತೇವೆ. ಈ ವರ್ಷದ್ದು ಆಯಿತು.

ನಮ್ಮ ಪದ್ಧತಿ ಹೀಗಿದೆ. ಶುಕ್ರವಾರ ಪಾತ್ರೆಯನ್ನು ತಣಿಸುತ್ತೇವೆ. ಶನಿವಾರ ಬೆಳಿಗ್ಗೆ ಗೊತ್ತಿರುವ ಶಾಖವನ್ನು ತೋರಿಸಿ, ಡಿಟೆಕ್ಟರ್ ಎಷ್ಟು ಸಿಗ್ನಲ್ ಕೊಡುತ್ತದೆ ಎಂದು ಬರೆದುಕೊಳ್ಳುತ್ತೇವೆ. ಗದ್ದಲವನ್ನು ಮಾತ್ರ ಭಾನುವಾರ ಅಳೆಯುವುದು. ಅಂದು ಲಿಫ್ಟ್ ನಿಂತಿರುತ್ತದೆ, ಎ.ಸಿ. ಘಟಕ ನಿಂತಿರುತ್ತದೆ, ಕಾರಿಡಾರಿನಲ್ಲಿ ಟ್ರಾಲಿ ಎಳೆಯುವವರಿಲ್ಲ. ಇಡೀ ಕಟ್ಟಡ ಉಸಿರು ಹಿಡಿದ ಹಾಗೆ. ಈ ಕ್ರಮ ನಾನು ಸೇರುವ ಮುಂಚಿನಿಂದಲೂ ಇದೆ. ಭಾನುವಾರದ ಗದ್ದಲವನ್ನು ಶನಿವಾರದ ಸಿಗ್ನಲ್ಲಿನಿಂದ ಭಾಗಿಸಿದರೆ ನಮ್ಮ ಅಂಕಿ.

ಮತ್ತೂ ಒಂದು ದಿನ ಇಟ್ಟರೆ ಎಂದು ಕೇಳಿದಿರಲ್ಲ, ನಿನ್ನೆ ಸೋಮವಾರ ನಿಮಗಾಗಿಯೇ ಅಳೆದೆ. ಲಿಫ್ಟು, ಎ.ಸಿ. ಎಲ್ಲ ಓಡುತ್ತಿದ್ದರೂ ಗದ್ದಲ ಇನ್ನೂ ಕಡಿಮೆ. ಅಂಕಿ 0.091. ನನಗೇ ಆಶ್ಚರ್ಯ. ತಣ್ಣಗೆ ಕೂತಷ್ಟೂ ಡಿಟೆಕ್ಟರ್ ನೆಮ್ಮದಿಯಾಗುತ್ತದೆಯೋ ಏನೋ.

ವರದಿ ಬರೆಯಲು ಕೂತಿದ್ದೇನೆ. ಓಣಂಗೆ ಚಾಲೈ ಮಾರುಕಟ್ಟೆಗೆ ಹೋಗಿದ್ದೆ, ಅಲ್ಲೂ ತಕ್ಕಡಿಗಳ ಮುಳ್ಳು ಎಷ್ಟು ಅಲುಗುತ್ತದೆ ಎಂದೇ ನೋಡುತ್ತಿದ್ದೆ. ನೀವು ಹಚ್ಚಿದ ಹುಚ್ಚು.

ಶ್ರೀವಿದ್ಯಾ


ಎಡಪ್ಪಳ್ಳಿ
8 ಸೆಪ್ಟೆಂಬರ್ 2025

ಮೇಡಂ,

ಓಣಂ ಕಳೆಯಿತು. ಕೆಲಸ ಬಹಳ. ಕೊಚ್ಚಿ ಬಿಟ್ಟು ಹೊರಗೆ ಹೋಗಲು ಪುರಸೊತ್ತಿಲ್ಲ, ಅದಕ್ಕೇ ತಡ.

ಒಂದು ಮಾತು. ಇಟ್ಟಷ್ಟೂ ಚೆನ್ನಾಗುವ ಸರಕನ್ನು ನನ್ನ ನಲವತ್ತು ವರ್ಷದಲ್ಲಿ ನಾನು ನೋಡಿಲ್ಲ, ಉಪ್ಪಿನಕಾಯಿ ಒಂದನ್ನು ಬಿಟ್ಟರೆ. ವರದಿಗೆ ಸಹಿ ಹಾಕುವ ಮುಂಚೆ ಪಾತ್ರೆಯನ್ನು ಒಮ್ಮೆ ಪೂರ್ತಿ ಬೆಚ್ಚಗಾಗಿಸಿ, ಮತ್ತೆ ತಣಿಸಿ, ಸಿಗ್ನಲ್ಲನ್ನೂ ಗದ್ದಲವನ್ನೂ ಒಂದೇ ಗಂಟೆಯೊಳಗೆ ಅಳೆದು ನೋಡಬಹುದಲ್ಲ. ತಿಳಿಯದವನ ಸಲಹೆ.

ಸುಬ್ರಾಯ


ತಿರುವನಂತಪುರ
17 ಸೆಪ್ಟೆಂಬರ್ 2025

ಸುಬ್ರಾಯರೇ,

ನಿಮ್ಮ ಕಾಗದದ ಮೇಲೆ ಎಡಪ್ಪಳ್ಳಿ ಎಂದಿದೆ. ಲಕೋಟೆಯ ಮೇಲಿನ ಅಂಚೆ ಮುದ್ರೆ ವಿಳಿಂಜಂನದು. ಅಳೆಯುವುದೇ ನನ್ನ ಉದ್ಯೋಗ, ಇಂಥದ್ದು ಕಣ್ಣಿಗೆ ಬೀಳುತ್ತದೆ. ವಿಳಿಂಜಂ ಬಂದರಿಗೆ ಬಂದಿದ್ದಿರಿ, ನಮ್ಮ ಗೇಟಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿ ಕೂತು, ಕೊಚ್ಚಿ ಬಿಟ್ಟಿಲ್ಲ ಎಂದು ಬರೆದಿರಿ.

ಯಾಕೆ ಎಂದು ಯೋಚಿಸಿದೆ. ವಾಲ್ವ್ ರಿಪೇರಿಯಿಂದ ಇಷ್ಟು ಅನುಕೂಲವಾದರೂ ವರದಿಯಲ್ಲಿ ನಿಮ್ಮ ಹೆಸರಿಲ್ಲ ಎಂದು ಬೇಸರ ಮಾಡಿಕೊಂಡಿರಿ ಅಂತ ನನ್ನ ಊಹೆ. ಅದನ್ನು ಸರಿ ಮಾಡಿದ್ದೇನೆ. ಕೃತಜ್ಞತೆಯ ಪುಟದಲ್ಲಿ ನಿಮ್ಮ ವರ್ಕ್‌ಶಾಪಿನ ಹೆಸರು ಸೇರಿಸಿದೆ. ಸೋಮವಾರ ಸಹಿ ಹಾಕಿ ದಾಕ್ಷಾಯಣಿ ಮೇಡಂ ಮೇಜಿನ ಮೇಲಿಟ್ಟೆ. 0.096, ಮಿತಿಯೊಳಗೆ.

ಬೆಚ್ಚಗಾಗಿಸಿ ತಣಿಸುವುದೆಂದರೆ ಒಂದು ವಾರ ಹೋಗುತ್ತದೆ. ಸಮಿತಿ ಆಗಲಿ, ಆಮೇಲೆ ನಿಮ್ಮ ಕುತೂಹಲಕ್ಕೆ ಅದನ್ನೂ ಮಾಡೋಣ. ಮುಂದಿನ ಸಲ ವಿಳಿಂಜಂಗೆ ಬಂದರೆ ಮನೆಗೆ ಊಟಕ್ಕೆ ಬನ್ನಿ. ಉಪ್ಪು ಹದವಾಗಿರುತ್ತದೆ.

ಶ್ರೀವಿದ್ಯಾ


ವಿಳಿಂಜಂ
20 ಸೆಪ್ಟೆಂಬರ್ 2025
(ಸ್ಪೀಡ್ ಪೋಸ್ಟ್)

ಮೇಡಂ,

ಈ ಸಲ ಮೇಲೆ ಬರೆದ ಊರೂ ಮುದ್ರೆಯ ಊರೂ ಒಂದೇ. ನಿಮ್ಮ ಕಾಗದವನ್ನು ನಿನ್ನೆ ಸಂಜೆ ಓದಿ ಇವತ್ತು ಬೆಳಗಿನ ರೈಲು ಹಿಡಿದೆ. ನಿಮ್ಮ ಗೇಟಿನ ತನಕ ಬಂದೆ. ಶನಿವಾರ ಪಾಸ್ ಕೊಡುವುದಿಲ್ಲ ಎಂದರು. ಕೊಟ್ಟಿದ್ದರೂ ಒಳಗೆ ಬರುತ್ತಿದ್ದೆನೋ ಇಲ್ಲವೋ, ಆ ಲೆಕ್ಕ ನನ್ನಲ್ಲೇ ಬಗೆಹರಿದಿಲ್ಲ. ಇಲ್ಲಿ ದೋಣಿಯವರ ಐಸ್ ಮಿಷನ್ ಒಂದು ನನ್ನ ಕೈಯಲ್ಲಿದೆ, ಅದರ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ.

ಕೃತಜ್ಞತೆಯ ಪುಟದಿಂದ ನನ್ನ ಹೆಸರು ತೆಗೆಯಿರಿ. ಯಾಕೆಂದು ಹೇಳುತ್ತೇನೆ.

ಆ ವಾಲ್ವಿನಲ್ಲಿ ಹಾಕಬೇಕಿದ್ದ ಓ-ರಿಂಗ್, ಗಾಳಿ ಸೋರದಂತೆ ಕೂರಿಸುವ ಬಳೆ, ನಿಮ್ಮ ಪಟ್ಟಿಯಲ್ಲಿದ್ದ ಬಗೆಯದು. ಬೆಲೆಬಾಳುವಂಥದ್ದು, ಒಲೆಯಲ್ಲಿ ಕಾಯಿಸಿ ತೇವ ತೆಗೆದು ಕೊಟ್ಟದ್ದು. ಕೂರಿಸುವಾಗ ಕೈ ಜಾರಿ ನೆಲಕ್ಕೆ ಬಿತ್ತು, ಉರುಳಿ ಕಪಾಟಿನಡಿ ಹೋಯಿತು. ಇನ್ನೊಂದು ಬೇಕೆಂದು ಕೇಳಿದರೆ ಮತ್ತೆ ಪಾಸು, ಮತ್ತೆ ಮೂರು ದಿನ. ನನ್ನ ಶರ್ಟಿನ ಜೇಬಿನಲ್ಲಿ ಸೀಗಡಿ ಫ್ರೀಜರಿನ ಓ-ರಿಂಗ್ ಇತ್ತು. ಅಳತೆ ಒಂದೇ, ಬಣ್ಣ ಒಂದೇ. ಹಾಕಿದೆ. ಸೋರಿಕೆ ಪರೀಕ್ಷೆಯಲ್ಲಿ ಅವತ್ತು ಪಾಸೂ ಆಯಿತು. ಆದರೆ ಅದು ಸಾಮಾನ್ಯ ರಬ್ಬರು. ಕಡಲ ಗಾಳಿಯ ತೇವ ಕುಡಿದುಕೊಂಡೇ ಇರುತ್ತದೆ, ಒಳಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ನಿಮ್ಮ ಪಾತ್ರೆಯಲ್ಲಿ ಅತಿ ತಣ್ಣಗಿರುವ ಜಾಗ ಯಾವುದು? ಡಿಟೆಕ್ಟರ್, ಅದರ ಮುಂದಿನ ಗಾಜು. ತೇವ ಅಲ್ಲಿಗೇ ಹೋಗಿ ಕೂರುತ್ತದೆ.

ನಮ್ಮ ಸೀಗಡಿಯವರು ಇದನ್ನು ಗ್ಲೇಸ್ ಎನ್ನುತ್ತಾರೆ. ಹೆಪ್ಪುಗಟ್ಟಿದ ಸೀಗಡಿಯನ್ನು ನೀರಿನಲ್ಲಿ ಅದ್ದಿ ತೆಗೆದರೆ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳು ಹಿಮ. ತೂಕ ಚೆನ್ನಾಗಿ ಬರುತ್ತದೆ. ತಿಳಿದ ಗಿರಾಕಿ ಅದನ್ನು ಕರಗಿಸಿಯೇ ತೂಗುವುದು. ನಿಮ್ಮ ಡಿಟೆಕ್ಟರಿಗೂ ಗ್ಲೇಸ್ ಆಗಿದೆ. ನೀವು ಹೇಳಿಕೊಟ್ಟ ಲೆಕ್ಕವೇ: ಏರಿಳಿತ ಹತ್ತರಿಂದ ಎಂಟಕ್ಕೆ ಇಳಿಯಬೇಕಾದರೆ ನೂರು ಕಾಳು ಅರವತ್ತನಾಲ್ಕಾಗಿರಬೇಕು. ನಿಮ್ಮ 0.12, 0.096 ಆದದ್ದು ಅದೇ ಪಾಲಿನಲ್ಲಿ. ಗದ್ದಲ ತಾನಾಗಿ ತಗ್ಗಲಿಲ್ಲ ಮೇಡಂ, ಬೆಳಕು ತಗ್ಗಿತು. ಸಿಗ್ನಲ್ ಹಿಮವಿಲ್ಲದ ಶನಿವಾರದ್ದು, ಗದ್ದಲ ಹಿಮ ಕಟ್ಟಿದ ಭಾನುವಾರದ್ದು, ಅದಕ್ಕೇ ಲೆಕ್ಕ ಸೊಗಸಾಗಿ ಬಂತು.

ನಿಮ್ಮ ಆಗಸ್ಟ್ 26ರ ಕಾಗದ ಓದಿದ ಗಳಿಗೆಯಲ್ಲೇ ಇದು ನನಗೆ ಗೊತ್ತಾಗಿತ್ತು. ಮೂರು ವಾರ ಸುಮ್ಮನಿದ್ದೆ. ಕೈಗುಣ ಎಂದು ಹೊಗಳಿಸಿಕೊಂಡ ಬಾಯಲ್ಲಿ ಜೇಬಿನ ಓ-ರಿಂಗ್ ಎಂದು ಹೇಳಲು ಬರಲಿಲ್ಲ.

ಸುಬ್ರಾಯ


ತಿರುವನಂತಪುರ
23 ಸೆಪ್ಟೆಂಬರ್ 2025

ಮಾನ್ಯರೇ,

ತಮ್ಮ ದಿನಾಂಕ 20ರ ಪತ್ರ ತಲುಪಿದೆ. ವಾಲ್ವ್‌ಗೆ ಸಂಬಂಧಿಸಿದ ವಿವರಗಳನ್ನು ಕಚೇರಿಯ ವಿಳಾಸಕ್ಕೆ ಲಿಖಿತವಾಗಿ, ಸಹಿಯೊಂದಿಗೆ ಕಳುಹಿಸತಕ್ಕದ್ದು. ಇನ್ನು ಮುಂದೆ ಮನೆಯ ವಿಳಾಸಕ್ಕೆ ಬರೆಯಬೇಡಿ.

ಶ್ರೀವಿದ್ಯಾ


ತಿರುವನಂತಪುರ
19 ಅಕ್ಟೋಬರ್ 2025

ಸುಬ್ರಾಯರಿಗೆ,

ನಿಮ್ಮ ಲಿಖಿತ ಹೇಳಿಕೆ ಆಫೀಸಿಗೆ ಬಂತು. ಕಪಾಟಿನಡಿ ಯಾವ ಮೂಲೆ ಎಂದೂ ಬರೆದಿದ್ದಿರಿ. ಬಿದ್ದ ಓ-ರಿಂಗ್ ಅಲ್ಲೇ ಇತ್ತು, ಧೂಳು ಹಿಡಿದು. ಆಮೇಲೆ ನಡೆದದ್ದನ್ನು ನೀವು ಬೇರೆಯವರಿಂದ ಕೇಳುವುದು ಬೇಡ.

ಪಾತ್ರೆಯನ್ನು ನಿಧಾನಕ್ಕೆ ಬೆಚ್ಚಗಾಗಿಸಿದೆ. ಮೈನಸ್ ನೂರಿಪ್ಪತ್ತರ ಹತ್ತಿರ ಬಂದಾಗ, ಅಷ್ಟು ಹೊತ್ತು ಮಲಗಿದ್ದ ಒತ್ತಡದ ಮುಳ್ಳು ಎದ್ದು ನಿಂತಿತು. ವ್ಯಾಕ್ಯೂಮಿನಲ್ಲಿ ಹಿಮ ಆವಿಯಾಗುವ ಹದ ಅದು. ಬೇರೆ ಸಾಕ್ಷಿ ಬೇಕಿರಲಿಲ್ಲ. ಸರಿಯಾದ ಓ-ರಿಂಗ್ ಹಾಕಿಸಿ, ಸಿಗ್ನಲ್ಲನ್ನೂ ಗದ್ದಲವನ್ನೂ ಒಂದೇ ಗಂಟೆಯಲ್ಲಿ ಅಳೆದೆ. 0.118.

ಆ ಅಂಕಿ ಹಿಡಿದುಕೊಂಡು ದಾಕ್ಷಾಯಣಿ ಮೇಡಂ ಕೋಣೆಗೆ ಹೋದೆ. ವರದಿ ಇನ್ನೂ ಅವರ ಮೇಜಿನ ಮೇಲೆಯೇ ಇತ್ತು, ಮಾರನೇ ದಿನ ಸಮಿತಿಗೆ ಹೋಗಬೇಕಿತ್ತು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

“ಇದು ಇನ್ನು ಯಾರಿಗೆ ಗೊತ್ತು?”

“ಕೊಚ್ಚಿಯಲ್ಲಿ ಒಬ್ಬರಿಗೆ.”

“ಅವರು ಹೊರಗೆ ಹೇಳಬಹುದಾ?”

“ನನಗೆ ಹೇಳಿದ್ದೇ ಅವರು, ಮೇಡಂ.”

ಅವರು ಕನ್ನಡಕ ತೆಗೆದಿಟ್ಟು ಕಿಟಕಿ ನೋಡಿದರು. ವರದಿಯನ್ನು ನನ್ನ ಕಡೆಗೆ ತಳ್ಳಿ, “ಹಾಗಾದರೆ ವರದಿ ಹಿಂದಕ್ಕೆ ಪಡೆಯುವ ಪತ್ರ ನೀನೇ ಬರಿ ಮೋಳೆ,” ಎಂದರು. ನಾನು ಸೇರಿದ ವರ್ಷದ ನಂತರ ಅವರು ನನ್ನನ್ನು ಹಾಗೆ, ಮಗಳೇ ಎಂದು, ಕರೆದಿರಲಿಲ್ಲ.

ಬರೆದೆ. 15ರಂದು ಸಮಿತಿಯ ಎದುರು ನಿಂತು, ಮೊದಲು ತಪ್ಪು ಅಂಕಿ, ಆಮೇಲೆ ಸರಿ ಅಂಕಿ, ನಡುವೆ ಹಿಮ, ಎಲ್ಲ ತೋರಿಸಿದೆ. ಹೊರದೇಶದ ಡಿಟೆಕ್ಟರನ್ನೂ ಒಂದೇ ಗಂಟೆಯ ಕ್ರಮದಲ್ಲಿ ಸಮಿತಿಯ ಮುಂಚಿನ ವಾರವೇ ಅಳೆದಿದ್ದೆವು: 0.09. ಅದು ಹೋಗುತ್ತದೆ. ನಮ್ಮದು ಹೋಗುವುದಿಲ್ಲ. ಮುಂದಿನ ಉಪಗ್ರಹಕ್ಕೆ ನೋಡೋಣ ಎಂದು ಹದಿನೆಂಟು ತಿಂಗಳು ಕೊಟ್ಟಿದ್ದಾರೆ. ಅಚ್ಚರಿಯೆಂದರೆ, ಅವರು ಹೆಚ್ಚು ಹೊತ್ತು ಕೇಳಿದ್ದು ನಮ್ಮ ಹಿಮದ ಬಗ್ಗೆ. ಉಪಗ್ರಹದೊಳಗಿನ ವಸ್ತುಗಳಲ್ಲೂ ಭೂಮಿಯ ತೇವ ಅಡಗಿ ಹೋಗಿರುತ್ತದೆ, ಮೇಲೆ ಹೋದ ಮೇಲೆ ಅಲ್ಲೂ ತಣ್ಣನೆಯ ಕಣ್ಣಿಗೆ ಹಿಮ ಕಟ್ಟುತ್ತದೆ. ಸಿಗ್ನಲ್ ಇಳಿಯುವುದನ್ನು ಎಲ್ಲರೂ ನೋಡುತ್ತಾರೆ. ಗದ್ದಲವೂ ಜೊತೆಗೇ ಇಳಿದರೆ ಅದು ಹಿಮದ ಗುರುತೆಂದು ಹಿಡಿಯಬಹುದೇ ಎಂದು ಒಂದು ತಾಸು ಚರ್ಚೆ. ಆ ಪರೀಕ್ಷೆಯನ್ನು ರೂಪಿಸುವ ಕೆಲಸ ನನಗೆ ಬಂತು.

ಇನ್ನೊಂದನ್ನು ಬರೆಯಬೇಕು. ಇದಕ್ಕಾಗಿಯೇ ಒಂದು ತಿಂಗಳು ಬರೆಯಲಿಲ್ಲ. ಆಗಸ್ಟ್ 24, ಭಾನುವಾರ, ನಾನು ಸಿಗ್ನಲ್ಲನ್ನೂ ಒಮ್ಮೆ ನೋಡಿದ್ದೆ. ಪದ್ಧತಿಯಲ್ಲಿ ಇಲ್ಲ, ಆದರೂ ನೋಡಿದೆ. ಮೂರರಲ್ಲೊಂದು ಪಾಲು ಕಡಿಮೆ ಇತ್ತು. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ‘ಡ್ರಿಫ್ಟ್’, ಅಂದರೆ ಉಪಕರಣದ ಮಾಮೂಲಿ ಜಾರಾಟ, ಎಂದು ಬರೆದು ಪುಟ ತಿರುಗಿಸಿದೆ. ನಿಮಗೆ ಬರೆಯುವಾಗ ಅದನ್ನು ಬಿಟ್ಟೆ. ನೀವು ಬೆಚ್ಚಗಾಗಿಸಿ ಎಂದಾಗ ಸಮಿತಿ ಆಗಲಿ ಎಂದೆ. ನಿಮಗೆ ಗೊತ್ತಿದ್ದದ್ದು ನನಗೂ ಅರ್ಧ ಗೊತ್ತಿತ್ತು. ನಿಮ್ಮ ಮೇಲೆ ಸಿಟ್ಟಾಗುವುದು ಸುಲಭವಿತ್ತು, ಅದಕ್ಕೇ ಆದೆ. ಸಮಿತಿಗೆ ಆ ಪುಟವನ್ನೂ ತೋರಿಸಿದೆ.

ಮನೆಯ ವಿಳಾಸಕ್ಕೆ ಬರೆಯಬಹುದು.

ಶ್ರೀವಿದ್ಯಾ


ಎಡಪ್ಪಳ್ಳಿ
27 ಅಕ್ಟೋಬರ್ 2025

ಶ್ರೀವಿದ್ಯಾ ಅವರಿಗೆ,

ಮೇಡಂ ಎಂದು ಬರೆಯಲು ಹೋಗಿ ಬಿಟ್ಟೆ. ತಪ್ಪಾದರೆ ತಿದ್ದಿ.

ಪೆನ್ಸಿಲ್ಲಿನ ಪುಟವನ್ನು ಸಮಿತಿಗೆ ತೋರಿಸಿದೆ ಎಂದಿರಲ್ಲ, ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ನಾನು ಹೇಳಿದ್ದು ನೀವು ಸಹಿ ಹಾಕಿದ ಮೇಲೆ, ಕೊರಳಿಗೆ ಬಂದಾಗ. ನೀವು ಹೇಳಿದ್ದು ಯಾರೂ ಕೇಳದಿದ್ದಾಗ. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಲಾಗದು.

ಒಂದು ವಿಷಯದಲ್ಲಿ ನನ್ನ ಕುತೂಹಲ ಇನ್ನೂ ತಣಿದಿಲ್ಲ. ಮೇಲೆ ಹೋದ ಕಣ್ಣಿಗೆ ಹಿಮ ಕಟ್ಟಿದರೆ ಕರಗಿಸುವುದು ಯಾರು? ಅಲ್ಲಿಗೆ ಸ್ಪ್ಯಾನರ್ ಹಿಡಿದು ಹೋಗುವವರಿಲ್ಲ. ಒಳಗೇ ಸಣ್ಣ ಹೀಟರ್ ಇಟ್ಟಿರುತ್ತಾರೋ? ನಮ್ಮ ಶೀತಲ ಕೋಣೆಯ ಕಾಯಿಲ್‌ಗೆ ಆರು ಗಂಟೆಗೊಮ್ಮೆ ನಾವು ಕೊಡುವ ಬಿಸಿಯ ಹಾಗೆ? ಎಷ್ಟು ದಿನಕ್ಕೊಮ್ಮೆ? ಪುರಸೊತ್ತಾದಾಗ ಬರೆಯಿರಿ.

ಇನ್ನು ಯಾರಿಗೆ ಏನು ಸಿಕ್ಕಿತು ಎಂಬುದು.

ಹೊರದೇಶದ ಡಿಟೆಕ್ಟರಿಗೆ ಉಪಗ್ರಹದಲ್ಲಿ ಜಾಗ. ನಿಮ್ಮ ಡಿಟೆಕ್ಟರಿಗೆ ಹದಿನೆಂಟು ತಿಂಗಳು. ದಾಕ್ಷಾಯಣಿ ಮೇಡಂಗೆ, ಸಿಗ್ನಲ್ಲನ್ನೂ ಗದ್ದಲವನ್ನೂ ಒಂದೇ ಗಂಟೆಯಲ್ಲಿ ಅಳೆಯಬೇಕೆಂಬ ಹೊಸ ನಿಯಮ, ನನಗೆ ಬಂದ ಆದೇಶದಲ್ಲೇ ಅದೂ ಇದೆ. ನನಗೆ, ಎರಡು ವರ್ಷ ನಿಮ್ಮ ಕೇಂದ್ರದ ಯಾವ ಕೆಲಸಕ್ಕೂ ಕರೆಯಕೂಡದು ಎಂಬ ಆದೇಶದ ಪ್ರತಿ. ಮೊನ್ನೆ ಬಂತು, ಸಹಿ ಮಾಡಿ ಇಟ್ಟುಕೊಂಡೆ, ನ್ಯಾಯವಾದದ್ದೇ. ನಿಮಗೆ 0.118. ಬೇಕಾಗಿದ್ದಕ್ಕಿಂತ ಹೆಚ್ಚಿದೆ, ಆದರೆ ಇನ್ನು ಹದಿನೆಂಟು ತಿಂಗಳು ಇಳಿಸುತ್ತಾ ಹೋಗಲು ಅದು ನಿಜವಾದ ಅಂಕಿ.

ಸುಬ್ರಾಯ